ದೇವದುರ್ಗದ ಸೇತುವೆಯ ಹೆಸರು

ನಗು ಬಂದರೆ ತಡೆದುಕೊಳ್ಳಲಾಗದ ಹೆಂಗಸು ನಾನು. ಸಿಟ್ಟಿನ ವಿಷಯದಲ್ಲೂ ಅಷ್ಟೇ. ಎರಡೂ ಒಂದೇ ದಿನ ಒಟ್ಟಿಗೆ ಬಂದದ್ದು ನಾವು ಮೂರು ಊರುಗಳ ಸರ್ವರ್‌ಗಳನ್ನು ಜೋಡಿಸಲು ಕೂತ ಶನಿವಾರ. ಇವತ್ತಿಗೂ ಅದನ್ನು ನೆನೆದರೆ ಬಸ್ಸಿನಲ್ಲಿ ಒಬ್ಬಳೇ ನಕ್ಕುಬಿಡುತ್ತೇನೆ, ಪಕ್ಕದವರು ಸ್ವಲ್ಪ ಸರಿದು ಕೂರುತ್ತಾರೆ.

ನಾನು ಕೆಲಸ ಮಾಡುವುದು ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ. ರಕ್ತ ತೆಗೆಯುವವಳಲ್ಲ, ರಕ್ತ ಕಂಡರೆ ನನಗೆ ತಲೆ ತಿರುಗುತ್ತದೆ. ನನ್ನದು ಕಂಪ್ಯೂಟರ್ ಕೋಣೆ. ರಾಯಚೂರಿನಲ್ಲಿ ದೊಡ್ಡ ಲ್ಯಾಬು, ದೇವದುರ್ಗ ಮತ್ತು ಮಾನ್ವಿಯಲ್ಲಿ ಒಂದೊಂದು ಚಿಕ್ಕದು. ರಸ್ತೆ ಅಗೆಯುವವರು ಕೇಬಲ್ ಕತ್ತರಿಸಿ ಹೋದರೂ ಅಲ್ಲಲ್ಲಿನ ಕೆಲಸ ನಿಲ್ಲಬಾರದೆಂದು ಮೂರೂ ಕಡೆ ಸರ್ವರ್‌ಗಳ ಒಂದೊಂದು ಗುಂಪು ಇಟ್ಟಿದ್ದೆವು. ಗುಂಪಿನೊಳಗೆ ಅವು ಸದಾ "ಇದ್ದೀಯಾ?" "ಇದ್ದೀನಿ" ಎಂದು ಒಂದನ್ನೊಂದು ವಿಚಾರಿಸಿಕೊಳ್ಳುತ್ತಿರುತ್ತವೆ. ಒಂದು ಸುಮ್ಮನಾದರೆ ಇನ್ನೊಂದು ಅದರ ಕೆಲಸ ಎತ್ತಿಕೊಳ್ಳುತ್ತದೆ. ಆದರೆ ಒಂದು ಊರಿನ ಗುಂಪಿಗೆ ಇನ್ನೊಂದು ಊರಿನದು ಇದೆಯೆಂಬುದೇ ಗೊತ್ತಿರಲಿಲ್ಲ. ದೇವದುರ್ಗದಲ್ಲಿ ರಕ್ತ ಕೊಟ್ಟವರು ರಿಪೋರ್ಟನ್ನು ಮನೆಯಲ್ಲೇ ಮರೆತು ರಾಯಚೂರಿಗೆ ಬಂದರೆ ಮತ್ತೆ ಸೂಜಿ ಚುಚ್ಚಿಸಿಕೊಳ್ಳಬೇಕಾಗಿತ್ತು.

ಜೋಡಿಸುವುದೆಂದರೆ ಎಲ್ಲ ಸರ್ವರ್‌ಗಳೂ ಎಲ್ಲದರ ಜೊತೆ ಹರಟುವುದಲ್ಲ. ಹಾಗೆ ಬಿಟ್ಟರೆ ಸಂತೆಯಾಗುತ್ತದೆ. ಬೀಗರ ಮಾತುಕತೆಯ ಹಾಗೆ ಗುಂಪಿಗೊಬ್ಬರೇ ಬಾಯಿ ಬಿಡಬೇಕು. ಆ ಒಂದು ಸರ್ವರನ್ನು ನಾವು ಸೇತುವೆ ಅನ್ನುತ್ತೇವೆ. ಒಂದು ಸೇತುವೆ ಇನ್ನೊಂದನ್ನು ಹೆಸರು ಹಿಡಿದು ಕರೆಯಬೇಕು, ಹೆಸರು ತಪ್ಪಿದರೆ ಆ ಕಡೆಯದು ಓಗೊಡುವುದಿಲ್ಲ. ಮಧ್ಯದಲ್ಲಿ ಫೈರ್‌ವಾಲ್ ಎಂಬ ಗೋಡೆ. ಯಾವ ಊರಿನವರು ಯಾವ ಬಾಗಿಲಿನಿಂದ ಒಳಗೆ ಬರಬಹುದೆಂದು ನೋಡಿ ಬಿಡುವುದು ಅದರ ಕೆಲಸ. ಆ ಗೋಡೆ ಕಟ್ಟಿದವಳು ನಾನೇ. ಒಂದೇ ಒಂದು ಬಾಗಿಲು ಉಳಿಸಿ ಬಾಕಿಯೆಲ್ಲ ಮುಚ್ಚಿ, ಇನ್ನು ನನ್ನಪ್ಪ ಬಂದರೂ ಒಳಗೆ ಬಿಡುವುದಿಲ್ಲ ಎಂದು ಬೀಗುತ್ತಿದ್ದೆ. ಎಷ್ಟು ಬಿಗಿಯಾಗಿ ಕಟ್ಟಿದ್ದೆನೆಂದರೆ ರಾಯಚೂರಿನಲ್ಲಿ ಕೂತು ಮಾನ್ವಿಯ ಪರದೆ ನೋಡಲು ನನಗೇ ಆಗುತ್ತಿರಲಿಲ್ಲ.

ನನ್ನದೇ ಇನ್ನೊಂದು ಕಾನೂನು ಇತ್ತು. ಒಮ್ಮೆ ಯಾರೋ ಪಾಸ್‌ವರ್ಡಿನ ಫೋಟೋ ತೆಗೆದು ಲ್ಯಾಬಿನ ವಾಟ್ಸಾಪ್ ಗುಂಪಿಗೆ ಹಾಕಿ, ಅದರ ಬೆನ್ನಿಗೇ ಶುಭೋದಯದ ಗುಲಾಬಿ ಹೂವನ್ನೂ ಕಳಿಸಿದ್ದರು. ಅವತ್ತು ಲ್ಯಾಬು ನಡುಗುವ ಹಾಗೆ ಕೂಗಾಡಿ ಹೇಳಿದ್ದೆ: ಇನ್ನು ಮೇಲೆ ಸರ್ವರ್‌ಗಳ ಹೆಸರು, ಪಾಸ್‌ವರ್ಡು ಯಾವುದನ್ನೂ ಬರೆದು ಕಳಿಸುವಂತಿಲ್ಲ, ಫೋನಿನಲ್ಲಿ ಬಾಯಿಂದಲೇ ಹೇಳಬೇಕು. ಹೆಸರಿಡುವ ಹಕ್ಕನ್ನು ಮಾತ್ರ ಆಯಾ ಊರಿಗೇ ಬಿಟ್ಟಿದ್ದೆ. ನಾನು ನನ್ನವಕ್ಕೆ ಹೊಳೆಗಳ ಹೆಸರಿಟ್ಟೆ. ಮಾನ್ವಿಯ ಕೋಣೆ ನೋಡಿಕೊಳ್ಳುವ ಕಾಕಾ ಹಕ್ಕಿಗಳ ಹೆಸರಿಟ್ಟರು. ದೇವದುರ್ಗದ ಕೋಣೆಯವಳು ಏನಿಟ್ಟಳೋ ನಾನು ಕೇಳಿರಲಿಲ್ಲ.

ಈ ಕಾಕಾ ಬಾಗಲವಾಡದವರು, ಎರಡೇ ಬೆರಳಲ್ಲಿ ಟೈಪ್ ಮಾಡುವ ನಿಧಾನಿ. ಹೇಳಿದ್ದನ್ನು ಹೇಳಿದ ಹಾಗೇ ಮಾಡುತ್ತಾರೆ, ಒಂದು ಅಕ್ಷರ ಹೆಚ್ಚಿಲ್ಲ, ಒಂದು ಕಡಿಮೆ ಇಲ್ಲ. ದೇವದುರ್ಗದ ಹುಡುಗಿ ಜಾಲಹಳ್ಳಿಯ ಸೊಸೆ. ದಿನಾ ಬಸ್ಸಿನಲ್ಲಿ ಬಂದು ಹೋಗುತ್ತಾಳೆ, ಮನೆಯಲ್ಲಿ ಚಿಕ್ಕ ಮಗು. ಗಂಡ ಭತ್ತ ಕೊಯ್ಯುವ ಮಿಷನ್ ಓಡಿಸುತ್ತಾನೆ, ಸುಗ್ಗಿಯಲ್ಲಿ ವಾರಗಟ್ಟಲೆ ಊರೂರು ತಿರುಗುತ್ತಾನೆ.

ಅಂದು ಪಣಕ್ಕಿದ್ದದ್ದು ಇವಳ ಕೆಲಸ. ನಮ್ಮ ಮಾಲೀಕ ಡಾಕ್ಟರು ನಾಕಾರು ಸಲ ಪ್ರಯತ್ನ ಕೆಟ್ಟದ್ದು ನೋಡಿ ಬೇಸತ್ತು ಹೇಳಿದ್ದರು, "ಶನಿವಾರ ಹೊತ್ತು ಮುಳುಗೋದ್ರಾಗ ದೇವದುರ್ಗ ಕೂಡಲಿಲ್ಲಂದ್ರ ಅಲ್ಲಿನ ಮಷೀನೆಲ್ಲಾ ಇಲ್ಲಿಗೇ ಹೊತ್ಕೊಂಡು ಬರ್ರಿ. ರಕ್ತ ತಗಿಯೋರು ಅಲ್ಲೇ ಇರ್ಲಿ, ಸರ್ವರ್ ಕೋಣಿ ಬಂದ್." ಕೋಣೆ ಬಂದಾದರೆ ಕೋಣೆ ಕಾಯುವವಳದೂ ಬಂದ್. ಮಗು ಬಿಟ್ಟು ಜಾಲಹಳ್ಳಿಯಿಂದ ರಾಯಚೂರಿಗೆ ದಿನಾ ಬಂದು ಹೋಗುವುದು ಆಗದ ಮಾತು. ಡಾಕ್ಟರು ಎಷ್ಟು ಖಾತ್ರಿಯಾಗಿ ನಾನು ಸೋಲುತ್ತೇನೆ ಅಂದುಕೊಂಡಿದ್ದರೆಂದರೆ ಟೆಂಪೋವನ್ನು ಬೆಳಿಗ್ಗೆಯೇ ಕಳಿಸಿಬಿಟ್ಟಿದ್ದರು. ಅದು ದೇವದುರ್ಗದ ಲ್ಯಾಬಿನ ಮುಂದೆ ಬೇವಿನ ನೆರಳಲ್ಲಿ ನಿಂತಿತ್ತು, ಡ್ರೈವರ್ ಹಿಂದೆ ಮಲಗಿ ಗೊರಕೆ ಹೊಡೆಯುತ್ತಿದ್ದನಂತೆ. ನನಗೆ ಮೈಯೆಲ್ಲ ಉರಿದುಹೋಯಿತು.

ನಮ್ಮ ಕೇಬಲ್ಲಿನ ಹಾದಿ ಹೇಗಿತ್ತೆಂದರೆ ದೇವದುರ್ಗ ಮೊದಲು ಮಾನ್ವಿಗೆ ಬರಬೇಕು, ಮಾನ್ವಿಯಿಂದ ರಾಯಚೂರಿಗೆ. ಬೆಳಿಗ್ಗೆಯೇ ರಾಯಚೂರು ಮತ್ತು ಮಾನ್ವಿ ಕೂಡಿಕೊಂಡವು. ನನ್ನ ಹೊಳೆ ಕಾಕಾನ ಗಿಣಿಯನ್ನು ಕೂಗಿತು, ಗಿಣಿ ಓಗೊಟ್ಟಿತು. ನಾನು ಕುರ್ಚಿಯಲ್ಲಿ ಒಂದು ಸುತ್ತು ತಿರುಗಿ ಎಲ್ಲರಿಗೂ ಮಂಡಕ್ಕಿ ಒಗ್ಗರಣಿ, ಮಿರ್ಚಿ ತರಿಸಿದೆ. ಮಧ್ಯಾಹ್ನದ ಹೊತ್ತಿಗೆ ಮಿರ್ಚಿ ಖಾಲಿಯಾಗಿತ್ತು, ದೇವದುರ್ಗ ಮಾತ್ರ ಕೂಡಿರಲಿಲ್ಲ.

ಕೇಬಲ್ ಸರಿಯಿತ್ತು. ಬಾಗಿಲು ತೆರೆದಿತ್ತು. ಆದರೂ ಗಿಣಿ ಕೂಗುತ್ತಿತ್ತು, ದೇವದುರ್ಗ ಮಾತಾಡುತ್ತಿರಲಿಲ್ಲ. ನಾನು ಕೇಬಲ್ ಕಂಪನಿಯವನಿಗೆ ಫೋನ್ ಮಾಡಿ ಅವನ ಜನ್ಮ ಜಾಲಾಡಿದೆ. ಅವನೂ ಸುಮ್ಮನಿರಲಿಲ್ಲ, ನನ್ನ ಗೋಡೆಯ ಮರ್ಯಾದೆ ತೆಗೆದ. ಗೋಡೆಯ ಕಾನೂನುಗಳನ್ನು ಮೇಲಿನಿಂದ ಕೆಳಗೆ, ಕೆಳಗಿನಿಂದ ಮೇಲೆ ಓದಿದೆ. ಬಿಸಿಲು ಇಳಿಯತೊಡಗಿತು. ಕೊನೆಗೆ ಮೂರೂ ಕೋಣೆಗಳ ಫೋನನ್ನು ಒಂದೇ ಕರೆಗೆ ಸೇರಿಸಿ, ಸ್ಪೀಕರ್ ಹಾಕಿಸಿದೆ.

"ಕಾಕಾ, ಪರದೆ ಮ್ಯಾಲೆ ಏನದನೋ ಅದನ್ನ ಇದ್ದಂಗ ಓದ್ರಿ."

ಕಾಕಾ ಗಂಟಲು ಸರಿ ಮಾಡಿಕೊಂಡರು. "'ನಮ್ಮನಿಯವರು' ಅನ್ನೋರು ದೇವದುರ್ಗದಾಗ ಯಾರೂ ಸಿಗವಲ್ರು ಅಂತ ತೋರಸಾಕತ್ತದ ನೋಡ್ರಿ."

"ಯಾರು?"

"ನಮ್ಮನಿಯವರು. ಅದ ಅಲ್ಲೇನ್ರಿ ಆ ಸರ್ವರಿನ ಹೆಸರು? ಮುಂಜಾನಿ ನಾ ಕೇಳಿದೆ, ತಂಗೆವ್ವಾ, ನಿಮ್ಮ ಸೇತುವಿ ಹೆಸರೇನವಾ ಅಂತ. 'ಅದ ರೀ ಕಾಕಾ, ನಮ್ಮನಿಯವರದು' ಅಂದ್ಲು. ಹಾಕಿದೆ. ನಂದು ಗಿಣಿ ಇರಬಹುದು, ಅಕೀದು ನಮ್ಮನಿಯವರು ಇರಬಾರದೇನು?"

ಒಂದು ಕ್ಷಣ ನನಗೆ ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ನಗು ಎಲ್ಲಿಂದ ಬಂತೋ! ಮೇಜಿನ ಮೇಲೆ ತಲೆಯಿಟ್ಟು ನಕ್ಕೆ, ಕಣ್ಣಲ್ಲಿ ನೀರು ಬಂತು, ಹೊಟ್ಟೆ ಹಿಡಿದುಕೊಂಡೆ. ನಮ್ಮ ಕಡೆ ಹೆಂಡತಿ ಗಂಡನ ಹೆಸರು ಬಾಯಲ್ಲಿ ಅನ್ನುವುದಿಲ್ಲ. ಈ ಹುಡುಗಿ ಗಂಡನ ಹೆಸರನ್ನೇ ಸರ್ವರಿಗೆ ಇಟ್ಟು, ಈಗ ಅದನ್ನು ಹೇಳಲಾಗದೆ ಕೂತಿದ್ದಾಳೆ. ಬೆಳಿಗ್ಗೆಯಿಂದ ಮಾನ್ವಿಯ ಗಿಣಿ ಗೋಡೆ, ಕಾಲುವೆ, ಹೊಲ ದಾಟಿ "ನಮ್ಮನಿಯವರೇ, ನಮ್ಮನಿಯವರೇ" ಎಂದು ಬಾಯಿ ಬಡಿದುಕೊಳ್ಳುತ್ತಿದೆ.

"ಖರೇ ಹೆಸರೇನು ಹೇಳವಾ," ಅಂದೆ. ದೇವದುರ್ಗದಿಂದ ಸಣ್ಣ ದನಿ ಬಂತು. "ಹೆಂಗ ಹೇಳ್ಲಿ ಅಕ್ಕಾ? ಅತ್ತಿಯವ್ರು ಇಲ್ಲೇ ಕುಂತಾರ್ರಿ."

ಅತ್ತೆ ಸಂತೆಗೆ ಬಂದವರು ಸೊಸೆಗೆ ರೊಟ್ಟಿ ಕೊಟ್ಟು, ಟೆಂಪೋ ಕಂಡು ಗಾಬರಿಯಾಗಿ ಅಲ್ಲೇ ಕೂತುಬಿಟ್ಟಿದ್ದರಂತೆ. ಸರಿಹೋಯಿತು ಅಂದುಕೊಂಡೆ. "ಯವ್ವಾ, ನೀವರ ನಿಮ್ಮ ಮಗನ ಹೆಸರು ಹೇಳ್ರಿ!"

"ನಾ ಹೆಂಗ ಅನ್ಲಿ ನನ್ನವ್ವಾ? ಅವಗ ನಮ್ಮ ಮಾವನ ಹೆಸರಿಟ್ಟೀವಿ. ಹುಟ್ಟಿದಾಗಿಂದ ತಮ್ಮಾ ತಮ್ಮಾ ಅಂತೇ ಕರದೀನಿ."

ಕಾಕಾ ಆ ಕಡೆ ಕೆಮ್ಮುತ್ತಿದ್ದರು, ಅದು ಕೆಮ್ಮಲ್ಲ ಎಂದು ನನಗೆ ಗೊತ್ತಾಯಿತು. ಕಿಟಕಿಯಲ್ಲಿ ಬಿಸಿಲು ಹಳದಿಯಾಗಿತ್ತು. ಡಾಕ್ಟರು ಬಂದು ನನ್ನ ಬೆನ್ನ ಹಿಂದೆ ನಿಂತು ಗಡಿಯಾರ ನೋಡಿದರು. ನನ್ನ ನಗು ಅಲ್ಲಿಗೇ ನಿಂತಿತು.

"ಸುಡ್ಲಿ ನನ್ನ ಕಾನೂನು," ಅಂದೆ. "ಮೆಸೇಜ್ ಬರದು ಕಳಸವಾ, ಜಲ್ದಿ."

ಅವಳು ಹೂಂ ಅನ್ನುವಷ್ಟರಲ್ಲಿ ಅತ್ತೆ ನಡುವೆ ಬಾಯಿ ಹಾಕಿದರು. "ಕಳ್ಳರಂಗ ಬರದು ಯಾಕ ಕಳಸ್ತಿ? ಒಡಪ ಹಾಕಿ ಹೇಳ್ ಬೇ. ಕುಬಸದಾಗ ಮಂದಿ ಮುಂದ ಹೇಳಿದ್ದಿಲ್ಲೇನು? ನೌಕರಿ ಹೋಗಾಕತ್ತದ, ನಾಚಿಕಿ ತಗೊಂಡು ಏನ್ ಮಾಡ್ತಿ?"

ಒಡಪವೆಂದರೆ ನಮ್ಮ ಹೆಂಗಸರು ಕಂಡುಕೊಂಡ ಕಳ್ಳಬಾಗಿಲು. ಮದುವೆಯಲ್ಲಿ, ಬಸುರಿಗೆ ಮಾಡುವ ಕುಬಸದಲ್ಲಿ ಪ್ರಾಸ ಕಟ್ಟಿ ನಾಲ್ಕು ಸಾಲು ಹೇಳಿ, ಕೊನೆಗೆ ಗಂಡನ ಹೆಸರು ಸೇರಿಸಿಬಿಡಬಹುದು. ಹಾಗೆ ಹೇಳಿದರೆ ತಪ್ಪಿಲ್ಲ, ಎಲ್ಲರೂ ಚಪ್ಪಾಳೆ ಹೊಡೆಯುತ್ತಾರೆ. ನಾನು ಕಟ್ಟಿದ ಗೋಡೆಯಲ್ಲಿ ಇಂಥದ್ದೊಂದು ಬಾಗಿಲು ಬಿಡಬೇಕೆಂದು ನನಗೆ ಯಾರೂ ಕಲಿಸಿರಲಿಲ್ಲ.

ಫೋನಿನಲ್ಲಿ ಬಳೆಯ ಸದ್ದು ಬಂತು. ಆಮೇಲೆ ದನಿ, ಮೊದಲು ನಡುಗುತ್ತ, ಬರುಬರುತ್ತ ಗಟ್ಟಿಯಾಗಿ:

"ಜಾಲಹಳ್ಳಿ ಬಸ್ಸಿನ್ಯಾಗ ಕಿಟಕಿ ಬಾಜು ಸೀಟ,
ಮಾನ್ವಿ ಊರ ಗ್ವಾಡಿಗೆ ಸಣ್ಣದೊಂದು ಗೇಟ,
ಗೇಟ ತಗೀರಿ ಕಾಕಾ, ಬರಾಕತ್ತಾರ ನೀಟ,
ನೆಲ್ಲು ಕೊಯ್ಯೋ ಮಿಷನ್ನಿನ ಮ್ಯಾಲ ಕುಂತ..."

ಆಮೇಲೆ ಹೆಸರು. ಅದನ್ನು ನಾನಿಲ್ಲಿ ಬರೆಯುವುದಿಲ್ಲ. ಅಷ್ಟು ಕಷ್ಟಪಟ್ಟು ಹೇಳಿದವಳದ್ದು ಅದು. ಮೂರೂ ಊರಿನಲ್ಲಿ ಒಟ್ಟಿಗೆ ಚಪ್ಪಾಳೆ ಬಿತ್ತು. ನನ್ನ ಬೆನ್ನ ಹಿಂದೆಯೂ ಬಿತ್ತು. ತಿರುಗಿ ನೋಡಿದರೆ ಡಾಕ್ಟರು.

ಕಾಕಾ ಎರಡು ಬೆರಳಲ್ಲಿ ಕುಟ್ಟತೊಡಗಿದರು. ನಾನು ಒಂದೊಂದು ಅಕ್ಷರವನ್ನೂ ಬೆರಳು ಮಡಚಿ ಎಣಿಸಿದೆ. ಗಿಣಿ ಕೂಗಿತು. ದೇವದುರ್ಗ ಓಗೊಟ್ಟಿತು. ನನ್ನ ಪರದೆಯಲ್ಲಿ ಮೂರೂ ಗುಂಪುಗಳು ಒಂದರ ಕೆಳಗೊಂದು ಹಸಿರಾಗಿ ನಿಂತವು. ನಾನು ಕೂಗಿದ ಕೂಗಿಗೆ ಪಕ್ಕದ ಕೋಣೆಯಲ್ಲಿ ರಕ್ತ ಕೊಡುತ್ತಿದ್ದವರು ಕೈ ಎಳೆದುಕೊಂಡರಂತೆ. ಅತ್ತಿತ್ತ ಹಾರಾಡಿ, ಡಾಕ್ಟರ ಕೈ ಹಿಡಿದು ಕುಲುಕಿ, ಆಮೇಲೆ ನಾಚಿಕೆಯಾಗಿ ಬಿಟ್ಟೆ. ಅವರು ನಕ್ಕು, "ಆತು, ಟೆಂಪೋ ಖಾಲಿ ಬರ್ಲಿ ಅನ್ರಿ," ಅಂದರು.

ಟೆಂಪೋ ಖಾಲಿ ಹೋಗಲಿಲ್ಲ. ಅತ್ತೆ ಡ್ರೈವರನನ್ನು ಎಬ್ಬಿಸಿ, ಸಂತೆಯ ಚೀಲಗಳನ್ನು ಹೇರಿ, ಮುಂದಿನ ಸೀಟಿನಲ್ಲಿ ಕೂತು ಮೊದಲು ಜಾಲಹಳ್ಳಿಗೆ ಹೊಡೆಸಿಕೊಂಡು ಹೋದರಂತೆ.

ಎಲ್ಲ ತಣ್ಣಗಾದ ಮೇಲೆ ನಾನು ಅವಳೊಬ್ಬಳಿಗೇ ಫೋನ್ ಮಾಡಿದೆ. ಇನ್ನೂ ಸಣ್ಣಗೆ ನಗುತ್ತಲೇ ಬೈದೆ. "ಅಲ್ಲವಾ, ಬಾಯಿಲೆ ಅನ್ನಾಕ ಬರಲಾರದ ಹೆಸರು ಸರ್ವರಿಗೆ ಯಾಕಿಟ್ಟಿ? ಊರಾಗ ಬ್ಯಾರೆ ಹೆಸರಿದ್ದಿಲ್ಲೇನು?"

"ಬಾಯಿಲೆ ಬರಂಗಿಲ್ಲಂತನೇ ಇಟ್ಟೆ ಅಕ್ಕಾ. ಕೈಲೆ ಅನ್ನಬಹುದಲ್ರೀ. ಅವ್ರು ಮಿಷನ್ ಮ್ಯಾಲಿದ್ರ ಫೋನ್ ಎತ್ತಂಗಿಲ್ಲ. ನಾ ದಿನಾ ಮುಂಜಾನಿ ಬಂದು ಇಲ್ಲಿ ಹೆಸರು ಹೊಡದು ಇದ್ದೀಯಾ ಅಂತ ಕೇಳ್ತೀನಿ. ಇದು ಒಮ್ಮಿನೂ ತಪ್ಪಿಸಂಗಿಲ್ರಿ. ಇದ್ದೀನಿ ಅಂತದ."

ನಾನು ನನ್ನ ಪರದೆಯ ಮೂರನೆಯ ಹಸಿರು ಸಾಲನ್ನು ನೋಡಿದೆ. ಅವಳೇ ಮತ್ತೆ ಕೇಳಿದಳು, "ಇಷ್ಟೆಲ್ಲಾ ಪರೇಶಾನಿ ಆತು. ಹೆಸರು ಬದಲಿ ಮಾಡ್ಲೇನ್ರಿ?"

"ಮಾಡಿ ನೋಡು," ಅಂದೆ, "ನಾನೇ ಟೆಂಪೋ ತಗೊಂಡು ಬರ್ತೀನಿ."