ಇನ್ಸಾಫ್ ತಪ್ಪು ಒಪ್ಪಿಕೊಂಡ ಸಂಜೆ

ಅಲೆಕ್ಸಾಂಡ್ರಿಯಾದ ಮೀನುಪೇಟೆಯಲ್ಲಿ ಹುಟ್ಟಿ ಬೆಳೆದ ಇನ್ಸಾಫಳ ಬಾಯಿ ಸ್ವಲ್ಪ ಜೋರು, ಒಪ್ಪೋಣ. ಆದರೆ ಅಗ್ಗದ ಟಿಕೆಟ್ಟಿನ ಆ ವಿಮಾನ ಕಂಪನಿ ಎರಡೇ ವಿಮಾನ ಇಟ್ಟುಕೊಂಡು ಶುರುವಾದ ದಿನದಿಂದ ದುಡಿದು ಗಗನಸಖಿಯರ ಮುಖ್ಯಸ್ಥೆಯಾದವಳು ಅವಳು. ಆಗೆಲ್ಲ ವಿಮಾನ ಇಳಿದು ಮತ್ತೆ ಏಳುವಷ್ಟರಲ್ಲಿ ಕಸ ಹೆಕ್ಕಲು ಬೇರೆ ಆಳುಗಳಿರಲಿಲ್ಲ. ಪೈಲಟ್ಟೂ ಚೀಲ ಹಿಡಿದು ಬರುತ್ತಿದ್ದ. ಒಬ್ಬರನ್ನೊಬ್ಬರು ರೇಗಿಸುತ್ತಲೇ ಕೆಲಸ ಮುಗಿದುಹೋಗುತ್ತಿತ್ತು. ಸಂಬಳ ಕಡಿಮೆ ಎಂದು ಗೊಣಗಿದವರುಂಟು, ಬಿಟ್ಟುಹೋದವರು ಕಡಿಮೆ.

ಆಮೇಲೆ ಹೊಸ ಆಡಳಿತ ಬಂತು. ಏನೇ ಎಡವಟ್ಟಾಗಲಿ, ಯಾರದು ಎಂದು ಅವರಿಗೆ ಒಂದು ಹೆಸರು ಬೇಕೇ ಬೇಕು. ಹೆಸರು ಕೊಟ್ಟು ಕೊಟ್ಟು ಜನ ಮುಖ ಕೊಟ್ಟು ಮಾತಾಡುವುದನ್ನೇ ಬಿಟ್ಟರು. ಇನ್ಸಾಫಳ ಹೆಸರು ಆಗಲೇ ಎರಡು ಸಲ ಹೋಗಿತ್ತು. ಇನ್ನೊಂದು ಸಲ ಹೋದರೆ ಅವಳು ಮನೆಗೆ. ಗಂಡ ತೀರಿಕೊಂಡ ಮೇಲೆ ಮಗಳ ಓದು ನಡೆಯುತ್ತಿದ್ದುದೇ ಈ ಕೆಲಸದಿಂದ.

ಅಂಥ ಹೊತ್ತಿನಲ್ಲಿ ರಂಜಾನ್ ಬಂತು. ಕುವೈತಿನಲ್ಲಿ ದುಡಿಯುವವರು ಊರಿಗೆ ಮರಳುವ ಸಂಜೆಯ ವಿಮಾನ. ಪಡುವಣಕ್ಕೆ ಹಾರುವಾಗ ಸೂರ್ಯ ಬೇಗ ಮುಳುಗುವುದಿಲ್ಲ, ಉಪವಾಸ ಎಳೆಯುತ್ತಲೇ ಹೋಗುತ್ತದೆ. ಅದಕ್ಕೇ ಸೂರ್ಯ ಮುಳುಗಿದ್ದನ್ನು ಕ್ಯಾಪ್ಟನ್ ಕಣ್ಣಾರೆ ಕಂಡು ಹೇಳಬೇಕು, ಇನ್ಸಾಫ್ ಮೈಕಿನಲ್ಲಿ ಸಾರಬೇಕು. ಅಲ್ಲಿಯವರೆಗೆ ಯಾರೂ ಖರ್ಜೂರ ಬಾಯಿಗಿಡುವಂತಿಲ್ಲ. ಆದರೆ ಅವತ್ತಿನ ಕ್ಯಾಪ್ಟನ್ ರಿಫಾತ್ ದೊಡ್ಡ ಕಂಪನಿಯಿಂದ ಹೊಸದಾಗಿ ಬಂದವನು. ಒಂದು ಸಲಾಮೂ ಹೇಳದೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡಿದ್ದ. "ಅವನಿಗೆ ಅಷ್ಟು ಬಿಗುಮಾನ ಇದ್ರೆ ನನಗೇನು ಕಡಿಮೆಯಾ?" ಎಂದು ಇನ್ಸಾಫ್ ಅವನನ್ನು ಸೂರ್ಯ ಮುಳುಗುವ ಹೊತ್ತು ಕೇಳಲೇ ಇಲ್ಲ.

ಅಷ್ಟರಲ್ಲಿ ರಹ್ಮಾ ಎಂಬ ಗಗನಸಖಿಯ ಫೋನು ಸಂಜೆಯ ಅಜಾನ್ ಕೂಗಿತು. ಹೊಸಬಳು, ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಫೋನು ಕುವೈತಿನ ಹೊತ್ತನ್ನೇ ಹೇಳುತ್ತಿದೆ ಎಂಬುದು ಹಸಿದ ತಲೆಗೆ ಹೊಳೆಯಲಿಲ್ಲ. ಮೈಕ್ ತಗೊಂಡು "ಉಪವಾಸ ಬಿಡಬಹುದು" ಎಂದು ಸಾರಿಯೇಬಿಟ್ಟಳು. ಇಡೀ ವಿಮಾನ ಖರ್ಜೂರ ಬಾಯಿಗೆ ಹಾಕಿಕೊಂಡಿತು.

"ಉಗೀರಿ, ಉಗೀರಿ!" ಕಿಟಕಿ ಪಕ್ಕದ ಮುದುಕರೊಬ್ಬರು ಅರಚಿದರು. "ಸೂರ್ಯ ಇಲ್ಲೇ ಕೂತು ನನ್ನ ಮುಖ ನೋಡ್ತಿದಾನೆ!"

ಗಲಾಟೆಯೋ ಗಲಾಟೆ. "ಬೆಳಗಿಂದ ಹಿಡಿದ ಉಪವಾಸ ಹಾಳ್ಮಾಡಿದ್ರಲ್ಲ! ಯಾರ್ರೀ ಅದು ಹೇಳಿದ್ದು?"

"ಅಕ್ಕಾ, ನನ್ನ ಹೆಸರು ಕೊಡ್ತೀರಾ?" ರಹ್ಮಾ ಅಳುತ್ತಿದ್ದಳು.

ಕೊಟ್ಟುಬಿಡೋಣ ಅನಿಸಿತು ಇನ್ಸಾಫಳಿಗೆ. ಸುಳ್ಳೇಕೆ, ನಿಜವಾಗಿಯೂ ಅನಿಸಿತು. ಮಗಳ ಮುಖ ಕಣ್ಣೆದುರು ಬಂತು. ಆದರೆ ಮುನಿಸಿಕೊಂಡು ಹೊತ್ತು ಕೇಳದೆ ಕೂತವಳು ಯಾರು? ಮೈಕ್ ಎತ್ತಿಕೊಂಡಳು.

"ಅಣ್ಣಂದಿರಾ, ತಪ್ಪು ನನ್ನದು. ಕ್ಯಾಪ್ಟನ್ ಅವರನ್ನ ಕೇಳಬೇಕಿತ್ತು, ಕೇಳಲಿಲ್ಲ. ಕ್ಷಮಿಸಿ."

ಅವಳು ಮೈಕ್ ಇಡುವಷ್ಟರಲ್ಲಿ ಗಂಡಸಿನ ದನಿ ಕೇಳಿಸಿತು. "ನಾನು ಕ್ಯಾಪ್ಟನ್ ರಿಫಾತ್. ಆಕೆ ಮಾತು ನಂಬಬೇಡಿ. ಸೂರ್ಯನನ್ನ ನೋಡಿ ಹೇಳೋ ಕೆಲಸ ನನ್ನದು. ಬಾಗಿಲು ಹಾಕ್ಕೊಂಡು ಸುಮ್ಮನೆ ಕೂತವನು ನಾನೇ."

"ಇಲ್ಲ ಇಲ್ಲ, ಫೋನು ನನ್ನದು!" ರಹ್ಮಾ ಬಿಕ್ಕುತ್ತಲೇ ಕೂಗಿದಳು.

"ಎಲಾ ಇವರ!" ಎಂದರು ಆ ಮುದುಕರು. "ಕುಡಿಯೋ ನೀರಿಗೂ ಕಾಸು ಕೀಳೋ ಜನ, ತಪ್ಪು ಮಾತ್ರ ನನಗಿರಲಿ ನನಗಿರಲಿ ಅಂತ ಕಿತ್ತಾಡ್ತಾರಲ್ರಪ್ಪಾ!" ನಗು ಕೊನೆಯ ಸಾಲಿನವರೆಗೂ ಹೋಯಿತು. "ಬಿಡಮ್ಮ, ಹಬ್ಬ ಆದ್ಮೇಲೆ ಒಂದು ಉಪವಾಸ ಜಾಸ್ತಿ ಹಿಡಿದ್ರಾಯ್ತು."

ಪ್ರಯಾಣಿಕರೇನೋ ನಕ್ಕರು, ಆಫೀಸು ನಗುತ್ತದೆಯೇ? ಇಳಿದ ಕೂಡಲೇ ಮ್ಯಾನೇಜರನ ಕೋಣೆಗೆ ಕರೆ ಬಂತು.

"ಒಂದೇ ಹೆಸರು ಸಾಕು," ಎಂದ ಮ್ಯಾನೇಜರ್.

"ನನ್ನದು," ಎಂದರು ಮೂವರೂ.

ಬಾಗಿಲ ಹತ್ತಿರ ನಿಂತಿದ್ದ ಹಮ್ದಿ ಒಂದು ಹೆಜ್ಜೆ ಮುಂದೆ ಬಂದ. ಅದೇ ವಿಮಾನದಲ್ಲಿ ಕೆಲಸಕ್ಕಿದ್ದವನು. ಇನ್ಸಾಫಳ ಹೆಸರನ್ನು ಎರಡನೆಯ ಸಲ ಕೊಟ್ಟವನು ಇವನೇ. "ನನ್ನದೂ ಇದೆ ಸಾರ್. ಮೈಕ್ ಪಕ್ಕದಲ್ಲೇ ಇದ್ದೆ, ತಡೀಲಿಲ್ಲ."

ನಾಲ್ವರನ್ನೂ ಮನೆಗೆ ಕಳಿಸಿದರೆ ಬೆಳಗಿನ ವಿಮಾನ ಏಳುವುದಿಲ್ಲ ಎಂಬುದು ಮ್ಯಾನೇಜರಿಗೂ ಗೊತ್ತು. "ಹೋಗ್ರಪ್ಪಾ, ಹೋಗಿ ಊಟ ಮಾಡಿ," ಎಂದ.

ಹೊರಗೆ ಬಂದು ಇನ್ಸಾಫ್ ಗೋಡೆಗೊರಗಿ ಅತ್ತುಬಿಟ್ಟಳು. ಹಮ್ದಿ ಪಕ್ಕದಲ್ಲೇ ನಿಂತಿದ್ದ.

"ನನ್ನ ಮೂತಿ ನೋಡ್ಕೊಂಡು ಏನೋ ನಿಂತಿದೀಯ?" ಎಂದಳು ಕಣ್ಣೊರೆಸಿಕೊಂಡು. "ನಡಿ, ನಂಗೂ ಹಸಿವಾಗಿದೆ."