ಟಾಕಿಯ ತಳದ ನೀರು

ಬೈಲಹೊಂಗಲದಲ್ಲಿ ನನ್ನದೊಂದು ಪೇಂಟಿಂಗ್ ಶೆಡ್ಡಿದೆ. ಟ್ರ್ಯಾಕ್ಟರ್ ಟ್ರೇಲರ್, ತಿಜೋರಿ, ಗೇಟು, ಏನೇ ಬಂದರೂ ಬಣ್ಣ ಹೊಡೆದು ಕೊಡುವುದು ನಮ್ಮ ಕೆಲಸ. ಶೆಡ್ಡು ನನ್ನದಾದರೂ ಸ್ಪ್ರೇ ಗನ್ನು ಹಿಡಿಯುತ್ತಿದ್ದವರು ನನಗಿಂತ ಹಿರಿಯರಾದ ಒಬ್ಬ ಪೇಂಟರ್. ಗಿರಾಕಿಗಳು ಬರುತ್ತಿದ್ದದ್ದು ಅವರ ಕೈ ನೋಡಿ. ಇದು ನನಗೆ ಗೊತ್ತಿತ್ತು, ಬಾಯಿ ಬಿಟ್ಟು ಮಾತ್ರ ಒಮ್ಮೆಯೂ ಹೇಳಿರಲಿಲ್ಲ.

ನನಗೆ ಮೋಹವಿದ್ದದ್ದು ಗನ್ನಿಗೆ ಗಾಳಿ ಕೊಡುವ ಕಂಪ್ರೆಸರ್ ಮೇಲೆ. ಪ್ರತಿ ಮಹಾನವಮಿಗೆ, ಆಯುಧಗಳ ಖಂಡೇಪೂಜೆಯ ಮುನ್ನಾದಿನ, ಅದರ ಗಾಳಿ ತುಂಬುವ ಟಾಕಿಗೆ ನಾನೇ ಕೆಂಪು ಬಣ್ಣ ಬಳಿಯುತ್ತಿದ್ದೆ. ಟಾಕಿಯ ತಳದಲ್ಲಿ ಒಂದು ಪುಟ್ಟ ವಾಲ್ವ್ ಇರುತ್ತದೆ. ಗಾಳಿಯ ತೇವ ಒಳಗೆ ನೀರಾಗಿ ನಿಲ್ಲುವುದರಿಂದ ದಿನವೂ ಅದನ್ನು ತೆರೆದು ನೀರು ಬಿಡಬೇಕು. ನಾನು ಆ ವಾಲ್ವಿನ ಮೇಲೂ ಬಳಿದೆ, ವರ್ಷ ವರ್ಷವೂ ಬಳಿದೆ.

"ಸಾವಕಾರ್ರ, ವಾಲ್ವ್ ಹಿಡದೈತ್ರಿ. ಪಾನಾ ಹಾಕಿ ತಿರುವಲೇನ್ರಿ? ಒಳಗ ನೀರು ನಿಂತಿರತಾವು" ಎಂದು ಪೇಂಟರ್ ಒಮ್ಮೆ ಸ್ಪ್ಯಾನರ್ ಹಿಡಿದು ಬಂದು ಕೇಳಿದ್ದರು.

"ಬ್ಯಾಡ, ಬಣ್ಣ ಕಿತ್ತ ಹೋಕ್ಕೈತಿ. ಪೂಜಾ ಆಗಿ ಎಂಟ ದಿನಾನೂ ಆಗಿಲ್ಲ" ಎಂದಿದ್ದೆ. ಮತ್ತೆ ಅವರು ಕೇಳಲಿಲ್ಲ.

ಕೆಲವು ತಿಂಗಳ ಮೇಲೆ ನೇಸರಗಿಯ ಗಿರಾಕಿಯೊಬ್ಬ ಬಣ್ಣ ಹೊಡೆಸಿಕೊಂಡು ಹೋಗಿದ್ದ ಟ್ರೇಲರ್ ವಾಪಸ್ ತಂದ. ಅದರ ಮೈತುಂಬ ಗುಳ್ಳೆ, ಉಗುರು ತಾಗಿದರೆ ಬಣ್ಣ ಏಳುತ್ತಿತ್ತು. ಶೆಡ್ಡಿನ ಮುಂದೆ ಚಹಾ ಕುಡಿಯುತ್ತಿದ್ದವರೆಲ್ಲ ಎದ್ದು ಬಂದರು. ನನಗೋ ಸಿಟ್ಟು ಮೂಗಿನ ತುದಿಯಲ್ಲೇ. ಪೇಂಟರ್ ಕಡೆ ತಿರುಗಿ, "ಕೈ ಹೋಗೈತಿ ನಿಂದು! ಬಣ್ಣಾ ಹೊಡಿಯೂದ ಮರತೀಯೇನು?" ಎಂದು ಕೂಗಿದೆ. ಅಷ್ಟು ವರ್ಷ ಬಹುವಚನದಲ್ಲಿ ಮಾತಾಡಿಸಿದ ಮನುಷ್ಯನಿಗೆ.

ಅವರು ಗನ್ನು ತೊಳೆದು, ಒರೆಸಿ, ಅದರ ಜಾಗದಲ್ಲಿಟ್ಟು ಕೆಲಸ ಬಿಟ್ಟು ಹೋದರು. ನನ್ನ ಮಾತು ಅವರಿಗಿಂತ ಮೊದಲೇ ಊರೂರು ತಿರುಗಿತ್ತು. ಯಾರೂ ಗನ್ನು ಕೊಡಲಿಲ್ಲ. ಕೊನೆಗೆ ರಾಮದುರ್ಗದ ಶೆಡ್ಡೊಂದರಲ್ಲಿ ಸ್ಯಾಂಡ್‌ಪೇಪರ್ ಉಜ್ಜುವ ಕೆಲಸಕ್ಕೆ ಸೇರಿದರೆಂದು ಕೇಳಿದೆ.

ಅದೇ ಟ್ರೇಲರಿಗೆ ನಾನೇ ಬಣ್ಣ ಹೊಡೆದೆ. ಮತ್ತೆ ಗುಳ್ಳೆ. ಬರೀ ಗಾಳಿ ಬಿಟ್ಟು ನೋಡಿದರೆ ಗನ್ನಿನ ಬಾಯಿಂದ ನೀರ ಹನಿ ಚಿಮ್ಮಿತು. ಟಾಕಿಯ ಗಾಳಿಯನ್ನೆಲ್ಲ ಬಿಟ್ಟು, ವಾಲ್ವಿಗೆ ಪಾನಾ ಹಾಕಿ ಜೋರು ಮಾಡಿದೆ. ಅದು ಮುರಿದು ಕೈಗೆ ಬಂತು, ಬುಡ ಟಾಕಿಯಲ್ಲೇ ಉಳಿಯಿತು. ಕಬ್ಬಿಣ ಉಜ್ಜುವ ಹಳೆಯ ಅರದ ಚೂಪು ತುದಿಯನ್ನು ಬುಡದೊಳಗೆ ಬಡಿದು, ಮೆಲ್ಲಗೆ ತಿರುಗಿಸಿ ತೆಗೆದೆ. ಕಡಕ್ ಚಹಾದ ಬಣ್ಣದ ತುಕ್ಕುನೀರು ಅರ್ಧ ಬಕೆಟ್ ಸುರಿಯಿತು.

ಆಮೇಲೆ ಹೊಸ ಹಿತ್ತಾಳೆ ವಾಲ್ವಿಗೆ ಟೇಪು ಸುತ್ತಿ ಕೂರಿಸಿ, ಗಾಳಿ ತುಂಬಿ, ಸಾಬೂನು ನೊರೆ ಹಚ್ಚಿ ನೋಡಿದೆ. ಒಂದು ಗುಳ್ಳೆಯೂ ಏಳಲಿಲ್ಲ. ಎಲ್ಲ ಸೇರಿ ಮುಕ್ಕಾಲು ತಾಸಿನ ಕೆಲಸ. ಅಷ್ಟಕ್ಕೆ ಒಬ್ಬರ ಹೆಸರು ಕೆಡಿಸಿದ್ದೆನಲ್ಲ ಎಂದು ನನ್ನ ಮೇಲೆ ನನಗೇ ಹೇಸಿಗೆಯಾಯಿತು.

ಮರುದಿನವೇ ರಾಮದುರ್ಗದ ಬಸ್ ಹತ್ತಿದೆ. ಅವರು ತಿಜೋರಿಯ ಬಾಗಿಲು ಉಜ್ಜುತ್ತ ಕುಳಿತಿದ್ದರು. ಸುತ್ತ ನಾಲ್ಕೈದು ಕೆಲಸಗಾರರು, ಶೆಡ್ಡಿನ ಮಾಲೀಕ. ಅವರನ್ನು ಗೋಡೆಯ ಪಕ್ಕಕ್ಕೆ ಕರೆದು, "ತಪ್ಪು ನಂದರಿ. ಟಾಕ್ಯಾಗ ನೀರಿತ್ತು. ನಿಮ್ಮ ಕೈದು ಏನೂ ತಪ್ಪಿಲ್ಲ" ಎಂದೆ.

ಅವರು ಅಂಗೈಯ ಧೂಳು ಕೊಡವಿಕೊಂಡರು. "ಅವತ್ತ ಎಲ್ಲಾರ ಮುಂದ ಅಂದ್ರಿ. ಇವತ್ತ ಬಾಜೂಕ ಕರದು ಹೇಳಾಕ್ಹತ್ತೀರಿ" ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ.

ಅಷ್ಟರಲ್ಲಿ ಮಾಲೀಕನೇ ಹತ್ತಿರ ಬಂದು, "ಏನ್ರಿ ವಿಷಯ?" ಎಂದು ಕೇಳಿದ. ಕೆಲಸಗಾರರೂ ಕೈ ನಿಲ್ಲಿಸಿ ನಮ್ಮ ಕಡೆ ನೋಡುತ್ತಿದ್ದರು. ಪೇಂಟರ್ ನನ್ನ ಮುಖವನ್ನೇ ನೋಡುತ್ತ ನಿಂತಿದ್ದರು.

"ಏನಿಲ್ರಿ, ಹಿಂಗ ಬಂದಿದ್ದೆ" ಎಂದೆ.

ಪೇಂಟರ್ ಹೋಗಿ ತಿಜೋರಿಯ ಬಾಗಿಲ ಮುಂದೆ ಕುಳಿತು ಉಜ್ಜತೊಡಗಿದರು.