ಅಮಾವಾಸ್ಯೆಯ ಕಾಯಿನೀರು

ತರೀಕೆರೆಯ ಗ್ಯಾರೇಜಿನಲ್ಲಿ ಎಲೆಕ್ಟ್ರಿಷಿಯನ್ ನಮ್ಮ ಹಳೇ ಕಾರಿನ ಫ್ಯೂಸ್ ಬಾಕ್ಸ್ ತೆರೆದ. ಒಳಗೆಲ್ಲ ಹಸಿರು ಕಿಲುಬು, ಅದರ ಮೇಲೆ ಹೆಪ್ಪುಗಟ್ಟಿದ ಕುಂಕುಮ. ಒಂದು ವೈರು ಕತ್ತರಿಸಿ ನೋಡಿದ, ಕಪ್ಪಾಗಿತ್ತು. ಗೇಣುದ್ದ ಬಿಟ್ಟು ಮತ್ತೆ ಕತ್ತರಿಸಿದ. ಅಲ್ಲೂ ಕಪ್ಪು.

“ಇಂಜಿನ್ ಮೇಲೆ ಏನ್ ಸುರೀತಿದ್ರಿ ಸಾರ್? ತಾಮ್ರನೆಲ್ಲಾ ತಿಂದ್ಹಾಕ್ಬಿಟ್ಟೈತೆ. ಜೋಡ್ಸೋಕೆ ಒಳ್ಳೇ ವೈರೇ ಉಳ್ದಿಲ್ಲ ಕಣ್ರೀ. ಈ ಗಾಡಿಗೆ ಹೊಸಾ ವೈರಿಂಗೂ ಈಗ ಸಿಗಲ್ಲ.”

ಉತ್ತರ ನನಗೆ ಗೊತ್ತಿತ್ತು. ಅಪ್ಪ ತೀರಿಕೊಂಡ ಮೇಲೆ ಅವರ ಕಾರನ್ನು ನಾನು ಓಡಿಸತೊಡಗಿದೆ. ಅಂದಿನಿಂದ ಪ್ರತಿ ಅಮಾವಾಸ್ಯೆಗೂ ಅಮ್ಮ ಬಾನೆಟ್ ಎತ್ತಿಸಿ, ಕುಂಕುಮವಿಟ್ಟು, ಕಾಯಿ ಒಡೆದು ಅದರ ನೀರನ್ನು ಇಂಜಿನ್ನಿನ ಮೇಲೆ ಸುರಿಯುತ್ತಿದ್ದಳು. ದಾರಿಯಲ್ಲಿ ಮಗನಿಗೆ ಏನೂ ಆಗದಿರಲಿ ಎಂದು.

ಕಾರನ್ನು ಟ್ರ್ಯಾಕ್ಟರಿಗೆ ಕಟ್ಟಿ ಅಜ್ಜಂಪುರದ ಮನೆಗೆ ಎಳೆಸಿಕೊಂಡು ಬಂದೆ. ಕಾರಿಗೆ ವಯಸ್ಸಾಗಿತ್ತಂತೆ ಎಂದಷ್ಟೇ ಅಮ್ಮನಿಗೆ ಹೇಳಿದೆ. “ಪೂಜೆ ಬಿಡ್ದಂಗೆ ಮಾಡಿದ್ಕೇ ಇಷ್ಟು ದಿನ ಓಡ್ತು ಕಣಪ್ಪಾ” ಎಂದಳು.

ಮೊನ್ನೆ ಅಮಾವಾಸ್ಯೆ. ಕದಲದೆ ನಿಂತ ಕಾರಿನ ಮುಂದೆ ಅಮ್ಮ ಕಾಯಿ ಹಿಡಿದು ನನಗಾಗಿ ಕಾಯುತ್ತಿದ್ದಳು. ಹಾಳಾಗುವುದಕ್ಕೆ ಅದರಲ್ಲಿ ಇನ್ನೇನೂ ಉಳಿದಿರಲಿಲ್ಲ. ಹೋಗಿ ಬಾನೆಟ್ ಎತ್ತಿ ಹಿಡಿದೆ.